ಹಲಗೂರು, ಕಬ್ಬಾಳದ ಕಲ್ಲು ಮತ್ತು ಮೈಸೂರು ಸೀಮೆಯ ಭೂವಿಜ್ಞಾನ ವ್ಯಾಸಂಗ

ಮಂಡ್ಯ, ಮದ್ದೂರು, ಮಳವಳ್ಳಿಗಳ ಭತ್ತ ಮತ್ತು ಕಬ್ಬಿನ ಗದ್ದೆಗಳ ಅಡಿಯಲ್ಲಿರುವ ಬಂಡೆ ಬಹುಮಟ್ಟಿಗೆ ನೈಸ್, ಎಂದರೆ ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬಿಳಿ, ಬೂದು ಪಟ್ಟೆಗಳಾಗಿ ಮಾರ್ಪಟ್ಟ ಶಿಲೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮಳವಳ್ಳಿ ತಾಲ್ಲೂಕಿನ ಹಲಗೂರಿನ ಸುತ್ತ ಈ ಬೂದು ಕಲ್ಲಿನ ಜೊತೆಗೆ ಹಸಿರು ಛಾಯೆಯ, ಎಣ್ಣೆ ಸವರಿದಂತೆ ಮಿರುಗುವ ಕಪ್ಪು ಕಲ್ಲೊಂದು ಕಾಣಿಸಿಕೊಳ್ಳುತ್ತದೆ. ಚಾರ್ನೊಕೈಟ್ ಎಂಬ ಈ ಶಿಲೆಯ ಹುಟ್ಟನ್ನು ಕುರಿತ ಪ್ರಶ್ನೆ ಕರ್ನಾಟಕದ ಭೂವಿಜ್ಞಾನ ವ್ಯಾಸಂಗವನ್ನು ಹಲವು ದಶಕಗಳ ಕಾಲ ಬೆಳೆಸಿತು.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಸ್ಥಾಪನೆಯಾಯಿತು. ಅದರ ನಿರ್ದೇಶಕರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಸಂಸ್ಥಾನದ ಶಿಲೆಗಳ ಇತಿಹಾಸವನ್ನು ಸಂಗ್ರಹವಾಗಿ ಬರೆದಾಗ, ಚಾರ್ನೊಕೈಟನ್ನು ನೈಸ್ ಶಿಲೆಯೊಳಕ್ಕೆ ಆಮೇಲೆ ನುಗ್ಗಿ ಗಟ್ಟಿಯಾದ ಶಿಲಾರಸವೆಂದು ಎಣಿಸಿದರು. ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದೂ ಅದೇ ವರ್ಷ. ಭೂವಿಜ್ಞಾನವನ್ನು ಬೋಧಿಸುತ್ತಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಆಡಳಿತಕ್ಕೆ ಸೇರಿತು. ಆ ಕಾಲೇಜಿನಲ್ಲಿ ಪಾಠ ಹೇಳಿ ಮುಂದೆ ಇಲಾಖೆಯ ನಿರ್ದೇಶಕರಾದ ಸಿ. ಎಸ್. ಪಿಚಮುತ್ತು ಅವರಲ್ಲಿ ತರಗತಿಯ ವಿದ್ಯೆಯೂ ಬೆಟ್ಟಗುಡ್ಡಗಳ ಸಮೀಕ್ಷೆಯೂ ಒಂದಾಗಿದ್ದವು. ಮೈಸೂರಿನ ಭೂವಿಜ್ಞಾನಕ್ಕೆ ಸ್ವಂತ ದೃಷ್ಟಿ ಬಂದದ್ದು ಇಂತಹ ಕೂಡಿಕೆಯಿಂದಲೇ.

ಹಲಗೂರಿಗೆ ದೂರವಲ್ಲದ, ಕನಕಪುರ ಸೀಮೆಯ ಕಬ್ಬಾಳದುರ್ಗದ ಬಳಿಯ ಕಲ್ಲುಗಣಿಯಲ್ಲಿ ಪಿಚಮುತ್ತು ಅವರಿಗೆ ಸ್ಮೀತರ ಎಣಿಕೆಗೆ ಹೊಂದದ ದೃಶ್ಯ ಸಿಕ್ಕಿತು. ಹೊಸದಾಗಿ ಒಡೆದ ಬಂಡೆಯ ಮೈಯಲ್ಲಿ ಕಪ್ಪು ಚಾರ್ನೊಕೈಟ್ ತೇಪೆತೇಪೆಯಾಗಿ ಹರಡಿ, ನೈಸ್‌ನ ಪಟ್ಟೆಗಳನ್ನು ಅಡ್ಡಹಾಯ್ದು, ಅಂಚಿನಲ್ಲಿ ಅದರೊಳಗೇ ಕರಗಿಹೋಗುತ್ತಿತ್ತು. ನೈಸ್ ಶಿಲೆಯೇ ಚಾರ್ನೊಕೈಟಾಗಿ ಬದಲಾಗುತ್ತಿದ್ದ ಕ್ರಿಯೆ ಅಲ್ಲಿ ಅರ್ಧದಲ್ಲೇ ನಿಂತುಹೋಗಿದೆ ಎಂಬ ನಿರ್ಣಯವನ್ನು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಸಿಲುಮಳೆಗೆ ಮಾಸಿದ ಹೊರಮೈಯಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲವಾದ್ದರಿಂದ, ಈ ಶೋಧದಲ್ಲಿ ಕಲ್ಲು ಒಡೆದ ಕೂಲಿಕಾರರ ಶ್ರಮಕ್ಕೂ ಪಾಲಿದೆ ಎಂಬುದನ್ನು ಮರೆಯಬಾರದು.

ಮುಂದೆ ಧಾರವಾಡದ ಟಿ. ಸಿ. ದೇವರಾಜು ಮತ್ತು ಎಂ. ಎಸ್. ಸದಾಶಿವಯ್ಯ ಸಾತನೂರು–ಹಲಗೂರು ಪ್ರದೇಶದ ಚಾರ್ನೊಕೈಟುಗಳ ಅಧ್ಯಯನವನ್ನು 1969ರಲ್ಲಿ ಪ್ರಕಟಿಸಿದರು. ಬದಲಾವಣೆಯ ಕಾರಣಕ್ಕೆ ಸ್ಪಷ್ಟ ವಿವರಣೆ ಬಂದದ್ದು 1979ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ ಅವರು ಷಿಕಾಗೋ ವಿಶ್ವವಿದ್ಯಾಲಯದ ಆರ್. ಸಿ. ನ್ಯೂಟನ್ ಮತ್ತು ಜೆ. ವಿ. ಸ್ಮಿತ್ ಅವರೊಡನೆ ಬರೆದ ಲೇಖನದಲ್ಲಿ. ನೈಸ್‌ನಲ್ಲಿರುವ ಕಪ್ಪು ಕಾಗೆಬಂಗಾರದಂತಹ ಖನಿಜಗಳು ತಮ್ಮ ರಚನೆಯಲ್ಲೇ ನೀರಿನಂಶವನ್ನು ಹಿಡಿದಿಟ್ಟುಕೊಂಡಿರುತ್ತವೆ. ಹಲವು ಕಿಲೋಮೀಟರ್ ಆಳದಲ್ಲಿ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಇಂಗಾಲದ ಡೈಆಕ್ಸೈಡ್ ತುಂಬಿದ ಅನಿಲ ಬಂಡೆಯ ಬಿರುಕುಗಳಲ್ಲಿ ಹರಿದು ನೀರಿನ ಪ್ರಭಾವವನ್ನು ತಗ್ಗಿಸಿದಾಗ ಅವು ಒಡೆದು, ಚಾರ್ನೊಕೈಟಿನ ಗುರುತಾದ, ನೀರಿಲ್ಲದ ಹೈಪರ್‌ಸ್ತೀನ್ ಎಂಬ ಖನಿಜ ಹುಟ್ಟುತ್ತದೆ. ಈ ವಾದದಿಂದ ಕಬ್ಬಾಳದ ಹೆಸರು ಹೊರದೇಶಗಳ ಭೂವಿಜ್ಞಾನಿಗಳಿಗೂ ಪರಿಚಿತವಾಯಿತು. ಆ ಅನಿಲ ಭೂಕವಚದ ಕೆಳಗಿನ ಮ್ಯಾಂಟಲ್ ಪದರದಿಂದ ಬಂದಿತೋ ಅಥವಾ ಕವಚದ ಶಿಲೆಗಳಿಂದಲೇ ಹೊರಟಿತೋ ಎಂಬ ಚರ್ಚೆ ಅದರ ಬೆನ್ನಿಗೇ ಆರಂಭವಾಯಿತು.