ಟಿ.ವಿ.ಗೆ ಸ್ಟ್ರೀಮಿಂಗ್ ಪೆಟ್ಟಿಗೆ: ಕೊಟ್ಟ ಹಣಕ್ಕೆ ತಕ್ಕ ಪ್ರಯೋಜನವಿದೆಯೇ?

ಹುಬ್ಬಳ್ಳಿ: ಬೆರಳುಗಾತ್ರದ ಒಂದು ಕಡ್ಡಿ, ಇಲ್ಲವೇ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ. ಟಿ.ವಿ.ಯ ಹಿಂಬದಿಗೆ ಸಿಕ್ಕಿಸಿದರೆ ಅಂತರ್ಜಾಲದಲ್ಲಿರುವ ಚಲನಚಿತ್ರ, ಧಾರಾವಾಹಿ, ಕ್ರಿಕೆಟ್ ಎಲ್ಲವೂ ಪಡಸಾಲೆಗೆ ಬರುತ್ತವೆ ಎಂಬುದು ಮಾರಾಟಗಾರರ ಭರವಸೆ. ಹೆಸರಾಂತ ಕಂಪನಿಗಳ ಇಂತಹ ಸಾಧನಗಳ ಬೆಲೆ ಸಾಮಾನ್ಯವಾಗಿ ಮೂರರಿಂದ ಆರು ಸಾವಿರ ರೂಪಾಯಿ. ಕೇಬಲ್ ಸಂಪರ್ಕ ಬಿಡಿಸಿ ಇದನ್ನೇ ಕೊಂಡರೆ ಉಳಿತಾಯವಾದೀತೇ ಎಂಬ ಪ್ರಶ್ನೆ ಅವಳಿ ನಗರದ ಅನೇಕ ಮನೆಗಳಲ್ಲಿ ಎದ್ದಿದೆ. ಲೆಕ್ಕ ಹಾಕಿ ನೋಡಿದರೆ ಕಾಣುವ ಸಂಗತಿಯೇ ಬೇರೆ. ಇಡೀ ಖರ್ಚಿನಲ್ಲಿ ಪೆಟ್ಟಿಗೆಯ ಬೆಲೆಯೇ ಅತ್ಯಂತ ಚಿಕ್ಕ ಬಾಬತ್ತು.

ಪೆಟ್ಟಿಗೆ ಮಾಡುವ ಕೆಲಸ

ಸ್ಟ್ರೀಮಿಂಗ್ ಪೆಟ್ಟಿಗೆ ಎಂದರೆ ಮೂಲತಃ ಒಂದು ಪುಟ್ಟ ಕಂಪ್ಯೂಟರ್. ಕೇಬಲ್ ಪೆಟ್ಟಿಗೆ ತಂತಿಯಿಂದಲೂ, ಡಿಟಿಎಚ್ ಪೆಟ್ಟಿಗೆ ಉಪಗ್ರಹದಿಂದಲೂ ವಾಹಿನಿಗಳನ್ನು ಪಡೆಯುತ್ತವೆ. ಇದು ಹಾಗಲ್ಲ. ಮನೆಯ ವೈ-ಫೈ ಮೂಲಕ ಅಂತರ್ಜಾಲವನ್ನು ತಲುಪಿ, ಕೇಳಿದ ದೃಶ್ಯವನ್ನು ಆ ಕ್ಷಣಕ್ಕೆ ತರಿಸಿಕೊಂಡು, ಎಚ್‌ಡಿಎಂಐ ಕಿಂಡಿಯ ಮೂಲಕ ಟಿ.ವಿ. ಪರದೆಗೆ ಕಳುಹಿಸುತ್ತದೆ. ಅಂತರ್ಜಾಲ ನಿಂತರೆ ಪೆಟ್ಟಿಗೆಯೂ ಮೂಕವಾಗುತ್ತದೆ.

ಅಮೆರಿಕದಲ್ಲಿ ಆಪಲ್ ಟಿ.ವಿ. 2007ರಲ್ಲಿ, ರೋಕು 2008ರಲ್ಲಿ ಮಾರುಕಟ್ಟೆಗೆ ಬಂದವು. ಭಾರತದಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಡಿಸೆಂಬರ್ 2014ರಲ್ಲಿ 2,999 ರೂಪಾಯಿಗೆ, ಅಮೆಜಾನ್‌ನ ಫೈರ್ ಟಿ.ವಿ. ಸ್ಟಿಕ್ ಏಪ್ರಿಲ್ 2017ರಲ್ಲಿ 3,999 ರೂಪಾಯಿಗೆ, ಶವೋಮಿಯ ಮಿ ಬಾಕ್ಸ್ ಮೇ 2020ರಲ್ಲಿ 3,499 ರೂಪಾಯಿಗೆ ಬಿಡುಗಡೆಯಾದವು. ಈಗ ಮಾರಾಟವಾಗುವ ಹೊಸ ಟಿ.ವಿ.ಗಳಲ್ಲಿ ಹೆಚ್ಚಿನವು ಸ್ಮಾರ್ಟ್ ಟಿ.ವಿ.ಗಳೇ ಆಗಿದ್ದು, ಈ ಸೌಲಭ್ಯ ಅವುಗಳೊಳಗೇ ಇರುತ್ತದೆ. ಆದ್ದರಿಂದ ಪೆಟ್ಟಿಗೆ ಬೇಕಾಗುವುದು ಎರಡೇ ಬಗೆಯ ಮನೆಗಳಿಗೆ: ಹತ್ತು-ಹನ್ನೆರಡು ವರ್ಷ ಹಳೆಯದಾದರೂ ಚೆನ್ನಾಗಿ ನಡೆಯುತ್ತಿರುವ ಚಪ್ಪಟೆ ಟಿ.ವಿ. ಇರುವವರಿಗೆ ಮತ್ತು ಸ್ಮಾರ್ಟ್ ಟಿ.ವಿ. ಇದ್ದೂ ಅದರ ತಂತ್ರಾಂಶ ತೆವಳುತ್ತಿರುವವರಿಗೆ. ಚಿತ್ರನಳಿಕೆಯ ಹಳೆಯ ಟಿ.ವಿ.ಯಲ್ಲಿ ಎಚ್‌ಡಿಎಂಐ ಕಿಂಡಿಯೇ ಇರುವುದಿಲ್ಲ. ಪರಿವರ್ತಕವೊಂದನ್ನು ಜೋಡಿಸಿ ನೋಡಬಹುದಾದರೂ ಚಿತ್ರ ಮಸುಕು, ಅಕ್ಷರ ಅಸ್ಪಷ್ಟ. ಅದಕ್ಕೆ ಹಣ ಹಾಕುವುದು ವ್ಯರ್ಥ.

ಕೇಬಲ್ಲಿನ ಲೆಕ್ಕ

ಅವಳಿ ನಗರಕ್ಕೆ ಪೆಟ್ಟಿಗೆ ಹೊಸದೇನಲ್ಲ. ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ, ಅಂದರೆ ಮಾರ್ಚ್ 2013ರ ಗಡುವಿಗೆ, ರಾಜ್ಯದಿಂದ ಬೆಂಗಳೂರು ಮತ್ತು ಮೈಸೂರು ಸೇರಿದ್ದವು. ಉಳಿದ ನಗರ ಪ್ರದೇಶಗಳಿಗೆ ಮೂರನೆಯ ಹಂತದ ಗಡುವು ಡಿಸೆಂಬರ್ 31, 2015 ಆಗಿತ್ತು. ಅಲ್ಲಿಯವರೆಗೆ ತಂತಿಯನ್ನು ನೇರವಾಗಿ ಟಿ.ವಿ.ಗೆ ಸಿಕ್ಕಿಸಿ ನೋಡುತ್ತಿದ್ದ ಮನೆಗಳಿಗೂ ಸೆಟ್ ಟಾಪ್ ಬಾಕ್ಸ್ ಅನಿವಾರ್ಯವಾಯಿತು.

ಫೆಬ್ರುವರಿ 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರ ಪದ್ಧತಿ ಆಚರಣೆಗೆ ಬಂದಿತು. ಮೊದಲ 100 ವಾಹಿನಿಗಳ ಜಾಲಶುಲ್ಕಕ್ಕೆ ತೆರಿಗೆ ಬಿಟ್ಟು ಗರಿಷ್ಠ 130 ರೂಪಾಯಿ ಮಿತಿ ವಿಧಿಸಲಾಯಿತು, ಶೇ. 18ರ ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ. ಪಾವತಿ ವಾಹಿನಿಗಳ ದರ ಅದರ ಮೇಲೆ. 2020ರಲ್ಲಿ ಅದೇ ಮೊತ್ತಕ್ಕೆ 200 ವಾಹಿನಿ ಕೊಡಬೇಕೆಂದು ಪ್ರಾಧಿಕಾರ ತಿದ್ದುಪಡಿ ಮಾಡಿತು. ಜುಲೈ 2024ರಲ್ಲಿ ಆ ಮಿತಿಯನ್ನೇ ತೆಗೆದು, ಶುಲ್ಕ ನಿಗದಿಯನ್ನು ವಿತರಕರಿಗೆ ಬಿಟ್ಟುಕೊಟ್ಟಿತು. ಹೋಲಿಕೆಯ ಅನುಕೂಲಕ್ಕಾಗಿ ಮನೆಯೊಂದರ ಕೇಬಲ್ ಬಾಡಿಗೆ ತಿಂಗಳಿಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 3,600 ರೂಪಾಯಿ.

ಮಾಸಿಕ ಶುಲ್ಕವೇ ಬೇಡವೆನ್ನುವವರಿಗೆ ಡಿಸೆಂಬರ್ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಟಿಎಚ್ ಸೇವೆ ಇದೆ. ತಬಕ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರಾಯಿತು. ಚಂದನ ಸಿಗುತ್ತದೆ. ಆದರೆ ಸಂಜೆಯ ಜನಪ್ರಿಯ ಕನ್ನಡ ಧಾರಾವಾಹಿಗಳಿಗಾಗಿ ಅದನ್ನು ಹಾಕಿಸಿಕೊಂಡವರಿಗೆ ನಿರಾಶೆ ಕಾದಿರುತ್ತದೆ.

ನಾಲ್ಕು ವಾಹಿನಿ, ಮೂರು ಚಂದಾ

ಕನ್ನಡದ ಮನೆಗಳ ಮಟ್ಟಿಗೆ ನಿಜವಾದ ತೊಡಕು ಇರುವುದು ಇಲ್ಲಿಯೇ. ಜೀ ಕನ್ನಡದ ಧಾರಾವಾಹಿಗಳು ಜೀ5ರಲ್ಲಿವೆ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ ಕಾರ್ಯಕ್ರಮಗಳು ಫೆಬ್ರುವರಿ 2025ರಲ್ಲಿ ಎರಡು ಸೇವೆಗಳ ವಿಲೀನದಿಂದ ಹುಟ್ಟಿದ ಜಿಯೋಹಾಟ್‌ಸ್ಟಾರ್‌ನಲ್ಲಿವೆ. ಉದಯದ ಕಾರ್ಯಕ್ರಮಗಳಿಗೆ ಸನ್ ನೆಕ್ಸ್ಟ್ ಬೇಕು. ಕೇಬಲ್ಲಿನಲ್ಲಿ ಒಂದೇ ಬಿಲ್ಲಿಗೆ, ಒಂದೇ ರಿಮೋಟಿನಲ್ಲಿ ಬರುವ ನಾಲ್ಕು ವಾಹಿನಿಗಳು ಇಲ್ಲಿ ಮೂರು ಕಂಪನಿಗಳಲ್ಲಿ ಹಂಚಿಹೋಗಿವೆ. ಮೂರು ಚಂದಾ, ಮೂರು ಗುಪ್ತಪದ, ಮೂರು ನವೀಕರಣದ ದಿನಾಂಕ. ಸಂಜೆ ಏಳಕ್ಕೆ ರಿಮೋಟಿನ ಗುಂಡಿ ಒತ್ತಿ ಧಾರಾವಾಹಿ ನೋಡುವ ರೂಢಿಯಿರುವ ಅಜ್ಜಿಗೆ, ಅಂಕಿಗಳೇ ಇಲ್ಲದ ರಿಮೋಟು ಕೈಗಿಟ್ಟರೆ ಮೊಮ್ಮಕ್ಕಳು ಶಾಲೆಯಿಂದ ಬರುವವರೆಗೆ ಟಿ.ವಿ. ಬಂದ್. ಇದು ತಮಾಷೆಯ ಮಾತಲ್ಲ. ಕೇಬಲ್ ಬಿಡಿಸಿದ ಮನೆಗಳು ಮತ್ತೆ ಕೇಬಲ್ ಹಾಕಿಸಿಕೊಳ್ಳಲು ಇದೂ ಒಂದು ಕಾರಣವಾಗಬಲ್ಲದು.

ಹಾಗಿದ್ದರೂ ಉಚಿತವಾಗಿ ಸಿಗುವುದು ಸ್ವಲ್ಪವೇನಲ್ಲ. ಕನ್ನಡದ ಪ್ರಮುಖ ಸುದ್ದಿವಾಹಿನಿಗಳು ಯೂಟ್ಯೂಬಿನಲ್ಲಿ ನೇರವಾಗಿ ಪ್ರಸಾರವಾಗುತ್ತವೆ. ಪ್ರಸಾರ ಭಾರತಿ ನವೆಂಬರ್ 2024ರಲ್ಲಿ ವೇವ್ಸ್ ಎಂಬ ತನ್ನದೇ ಸೇವೆ ಆರಂಭಿಸಿದೆ. ಸಂಗೀತ ಕಚೇರಿ, ನಾಟಕ, ಪ್ರವಚನ, ಸ್ಪರ್ಧಾತ್ಮಕ ಪರೀಕ್ಷೆಯ ಪಾಠ ಇವುಗಳಲ್ಲಿ ಆಸಕ್ತಿ ಇರುವವರಿಗೆ ಚಂದಾ ಕೊಡದೆಯೂ ಪೆಟ್ಟಿಗೆ ಸಾಕಷ್ಟು ಉಪಯೋಗಕ್ಕೆ ಬರುತ್ತದೆ.

ಹೊಸ ಕನ್ನಡ ಚಿತ್ರಗಳ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಜುಲೈ 2020ರಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಪ್ರೈಮ್‌ನಲ್ಲಿ ತೆರೆಕಂಡಾಗ ಕನ್ನಡಕ್ಕೆ ಹೊಸ ಬಾಗಿಲು ತೆರೆಯಿತೆಂಬ ಉತ್ಸಾಹವಿತ್ತು. ಆದರೆ ‘ಏಕಂ’ ಎಂಬ ಕನ್ನಡ ಸರಣಿ ದೊಡ್ಡ ವೇದಿಕೆಗಳಲ್ಲಿ ಜಾಗ ಸಿಗದೆ, ಜುಲೈ 2024ರಲ್ಲಿ ತಯಾರಕರದೇ ಜಾಲತಾಣದಲ್ಲಿ ಬಿಡುಗಡೆಯಾಗಬೇಕಾಯಿತು. ಕನ್ನಡ ಚಿತ್ರಗಳಿಗಾಗಿ ಸರ್ಕಾರದಿಂದಲೇ ಒಂದು ವೇದಿಕೆ ರೂಪಿಸುವ ಪ್ರಸ್ತಾಪ ಮಾರ್ಚ್ 2025ರ ರಾಜ್ಯ ಮುಂಗಡಪತ್ರದಲ್ಲಿ ಬಂದದ್ದು ಈ ಕೊರತೆಯ ಹಿನ್ನೆಲೆಯಲ್ಲಿ. ನೀವು ಬಯಸಿದ ಚಿತ್ರ ಯಾವ ಸೇವೆಯಲ್ಲಿದೆ, ಅಥವಾ ಎಲ್ಲಿಯಾದರೂ ಇದೆಯೇ ಎಂಬುದನ್ನು ಹಣ ಕಟ್ಟುವ ಮುನ್ನವೇ ಹುಡುಕಿ ನೋಡುವುದು ಮೇಲು.

ವರ್ಷದ ಖರ್ಚು

ಈಗ ಅಂಕಿಗಳಿಗೆ ಬರೋಣ. 3,000 ರೂಪಾಯಿಯ ಪೆಟ್ಟಿಗೆ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 750 ರೂಪಾಯಿ. ಡಿಸೆಂಬರ್ 2021ರಲ್ಲಿ ನಿಗದಿಯಾದ ದರದಂತೆ ಪ್ರೈಮ್ ಸದಸ್ಯತ್ವಕ್ಕೆ ವಾರ್ಷಿಕ 1,499 ರೂಪಾಯಿ. ಅದೇ ತಿಂಗಳು ಇಳಿಕೆಯಾದ ನೆಟ್‌ಫ್ಲಿಕ್ಸ್‌ನ ಬೇಸಿಕ್ ಯೋಜನೆಗೆ ತಿಂಗಳಿಗೆ 199ರಂತೆ 2,388 ರೂಪಾಯಿ. ಜಿಯೋಹಾಟ್‌ಸ್ಟಾರ್ ಆರಂಭದಲ್ಲಿ ಪ್ರಕಟಿಸಿದ ಎರಡು ಸಾಧನಗಳ ವಾರ್ಷಿಕ ಯೋಜನೆಯ ದರ 899 ರೂಪಾಯಿ. ಮೂರೂ ಸೇರಿ 4,786 ರೂಪಾಯಿ. ತಿಂಗಳಿಗೆ 399 ರೂಪಾಯಿಯ ಫೈಬರ್ ಸಂಪರ್ಕವೊಂದನ್ನು ಇದಕ್ಕಾಗಿಯೇ ಹಾಕಿಸಿದರೆ ತೆರಿಗೆ ಸಹಿತ ವರ್ಷಕ್ಕೆ ಸುಮಾರು 5,650 ರೂಪಾಯಿ. ಒಟ್ಟು 11,186 ರೂಪಾಯಿ. ಕೇಬಲ್ಲಿನ 3,600ಕ್ಕೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು. ಇಷ್ಟು ಕೊಟ್ಟೂ ಜೀ ಕನ್ನಡ, ಉದಯ ಇನ್ನೂ ಬಂದಿಲ್ಲವೆಂಬುದನ್ನು ಗಮನಿಸಬೇಕು.

ಮಕ್ಕಳ ಓದಿಗೋ ಕಚೇರಿ ಕೆಲಸಕ್ಕೋ ಮನೆಯಲ್ಲಿ ಫೈಬರ್ ಸಂಪರ್ಕ ಮೊದಲೇ ಇದ್ದರೆ ಚಿತ್ರ ಬದಲಾಗುತ್ತದೆ. ಆಗ ಹೆಚ್ಚುವರಿ ಖರ್ಚು 5,536 ರೂಪಾಯಿ. ಒಂದೇ ಚಂದಾ ಸಾಕೆಂದರೆ, 899ರ ಲೆಕ್ಕದಲ್ಲಿ, 1,649 ರೂಪಾಯಿ. ಕೇಬಲ್ಲಿಗಿಂತ ಕಡಿಮೆ. ಕೆಲವು ಅಂತರ್ಜಾಲ ಕಂಪನಿಗಳು ಯೋಜನೆಯ ಜೊತೆಗೇ ಪೆಟ್ಟಿಗೆಯನ್ನೂ, ಕೆಲವು ಚಂದಾಗಳನ್ನೂ ಕೊಡುತ್ತವೆ. ಅಂಥವರು ಬೇರೆ ಪೆಟ್ಟಿಗೆ ಕೊಳ್ಳುವ ಅಗತ್ಯವೇ ಇಲ್ಲ. ಸಂಪರ್ಕ ಬಿಡಿಸುವಾಗ ಅದನ್ನು ಹಿಂದಿರುಗಿಸಬೇಕೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಈ ದರಗಳು ಸ್ಥಿರವೂ ಅಲ್ಲ. ಐಪಿಎಲ್ ಪಂದ್ಯಗಳು 2023 ಮತ್ತು 2024ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿದ್ದವು. 2025ರಲ್ಲಿ ಚಂದಾ ಪದ್ಧತಿಗೆ ಬಂದವು. ಜೂನ್ 2025ರಿಂದ ಪ್ರೈಮ್‌ನಲ್ಲಿ ಜಾಹೀರಾತು ಸೇರಿತು, ಅದು ಬೇಡವೆಂದರೆ ಪ್ರತ್ಯೇಕ ಶುಲ್ಕ. ಜಾಹೀರಾತಿನ ಕಾಟ ತಪ್ಪಲೆಂದೇ ಕೇಬಲ್ ಬಿಟ್ಟವರ ಬಗ್ಗೆ ಮರುಕವಾಗುತ್ತದೆ.

ತಂತಿ, ಗೋಡೆ, ವಿದ್ಯುತ್ತು

ನೆಟ್‌ಫ್ಲಿಕ್ಸ್ ಹೇಳುವಂತೆ ಪೂರ್ಣ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್ ವೇಗ ಸಾಕು. ಎಚ್‌ಡಿಯಲ್ಲಿ ಗಂಟೆಗೆ ಸುಮಾರು 3 ಜಿಬಿ ದತ್ತಾಂಶ ಖರ್ಚಾಗುತ್ತದೆ. ದಿನಕ್ಕೆ ಮೂರು ಗಂಟೆ ನೋಡಿದರೆ ತಿಂಗಳಿಗೆ 270 ಜಿಬಿ. ಮೊಬೈಲಿನ ಹಾಟ್‌ಸ್ಪಾಟ್ ನಂಬಿ ಪೆಟ್ಟಿಗೆ ಕೊಳ್ಳುವವರು ಇದನ್ನು ನೆನಪಿಡಬೇಕು: ದಿನಕ್ಕೆ 2 ಜಿಬಿಯ ಪ್ಯಾಕ್ ನಲವತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ವೇಗದಷ್ಟೇ ಮುಖ್ಯ ಮನೆಯ ಗೋಡೆ. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಮುಂದಿನ ಕೋಣೆಯ ವೈ-ಫೈ ಹಿಂದಿನ ಕೋಣೆ ಸೇರುವಷ್ಟರಲ್ಲಿ ಸೊರಗುತ್ತದೆ. ಐದು ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4 ಗಿಗಾಹರ್ಟ್ಸ್‌ನ ಗುಣ ಇದಕ್ಕೆ ವಿರುದ್ಧ. ರೂಟರನ್ನು ಟಿ.ವಿ. ಇರುವ ಕೋಣೆಯಲ್ಲಿಯೇ ಇರಿಸುವುದು ಖರ್ಚಿಲ್ಲದ ಪರಿಹಾರ. ವಿದ್ಯುತ್ ಕೈಕೊಟ್ಟಾಗ ಇನ್ವರ್ಟರ್ ಇದ್ದರೂ ಅದರ ಸಾಲಿನಲ್ಲಿ ರೂಟರ್ ಇಲ್ಲದಿದ್ದರೆ ಟಿ.ವಿ. ಬೆಳಗುತ್ತದೆ, ಕಾರ್ಯಕ್ರಮ ಬರುವುದಿಲ್ಲ. ಒಂದು ಮಾತನ್ನು ಪೆಟ್ಟಿಗೆಯ ಪರವಾಗಿ ಹೇಳಲೇಬೇಕು. ಧಾರವಾಡದ ಜಡಿಮಳೆಯಲ್ಲಿ ಡಿಟಿಎಚ್ ತಬಕದ ಸಂಕೇತ ಕಡಿದುಹೋಗುವಂತೆ ಫೈಬರಿನ ಸಂಕೇತ ಮಳೆಗೆ ಕಡಿಯುವುದಿಲ್ಲ.

ಅಗ್ಗದ ಪೆಟ್ಟಿಗೆಯ ಅಪಾಯ

ಹೆಸರಿಲ್ಲದ, ‘ಎಲ್ಲ ವಾಹಿನಿ ಉಚಿತ’ ಎಂದು ಮಾರಾಟವಾಗುವ ಆಂಡ್ರಾಯ್ಡ್ ಪೆಟ್ಟಿಗೆಗಳಿಂದ ದೂರವಿರುವುದು ಕ್ಷೇಮ. ಟಿ95 ಎಂಬ ಅಗ್ಗದ ಪೆಟ್ಟಿಗೆಯಲ್ಲಿ ಕಾರ್ಖಾನೆಯಿಂದಲೇ ಕುತಂತ್ರಾಂಶ ಸೇರಿ ಬಂದಿರುವುದನ್ನು ಜನವರಿ 2023ರಲ್ಲಿ ತಜ್ಞರೊಬ್ಬರು ಬಯಲಿಗೆಳೆದರು. ಜೂನ್ 2025ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಎಂಬ ಜಾಲದ ಕುರಿತು ಸಾರ್ವಜನಿಕ ಎಚ್ಚರಿಕೆ ನೀಡಿತು. ಮರುತಿಂಗಳೇ ಗೂಗಲ್ ನ್ಯಾಯಾಲಯದ ಮೆಟ್ಟಿಲೇರಿ, ಒಂದು ಕೋಟಿಗೂ ಹೆಚ್ಚು ಸಾಧನಗಳು ಈ ಜಾಲಕ್ಕೆ ಸಿಲುಕಿವೆ ಎಂದು ತಿಳಿಸಿತು.

ಅಪಾಯದ ಬಗೆ ಹೀಗಿದೆ. ಟಿ.ವಿ. ಎಂದಿನಂತೆ ನಡೆಯುತ್ತಿರುತ್ತದೆ, ಒಳಗೊಳಗೇ ಪೆಟ್ಟಿಗೆ ನಿಮ್ಮ ಅಂತರ್ಜಾಲ ಸಂಪರ್ಕವನ್ನು ಅಪರಿಚಿತರಿಗೆ ಬಾಡಿಗೆಗೆ ಬಿಟ್ಟಿರುತ್ತದೆ. ಅವರು ಎಸಗುವ ವಂಚನೆಯ ಜಾಡು ಬಂದು ನಿಲ್ಲುವುದು ನಿಮ್ಮ ಮನೆಯ ಸಂಪರ್ಕದ ಹೆಸರಿನಲ್ಲಿ. ಅದೇ ವೈ-ಫೈಯಲ್ಲಿ ಮನೆಯವರ ಬ್ಯಾಂಕ್ ವ್ಯವಹಾರವೂ ನಡೆಯುತ್ತಿರುತ್ತದೆ. ಇದಲ್ಲದೆ, ಅಧಿಕೃತ ಪ್ರಮಾಣೀಕರಣವಿಲ್ಲದ ಪೆಟ್ಟಿಗೆಗಳಲ್ಲಿ ಹಣ ಕೊಟ್ಟ ಸೇವೆಗಳೂ ಪೂರ್ಣ ಸ್ಪಷ್ಟತೆಯಲ್ಲಿ ಮೂಡುವುದಿಲ್ಲ. ಒಂದೂವರೆ ಸಾವಿರ ಉಳಿಸಲು ಹೋಗಿ ಇಷ್ಟನ್ನು ಪಣಕ್ಕಿಡುವುದು ಜಾಣತನವಲ್ಲ.

ಹೆಸರಾಂತ ಪೆಟ್ಟಿಗೆಗೂ ಆಯುಷ್ಯವಿದೆ. ಡಿಸೆಂಬರ್ 2019ರಲ್ಲಿ ಕೆಲವು ಹಳೆಯ ರೋಕು ಪೆಟ್ಟಿಗೆಗಳಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ಕ್ರೋಮ್‌ಕಾಸ್ಟ್ ತಯಾರಿಕೆಯನ್ನು ಗೂಗಲ್ 2024ರಲ್ಲಿ ಕೈಬಿಟ್ಟಿತು. ಮಾರ್ಚ್ 2025ರಲ್ಲಿ ಪ್ರಮಾಣಪತ್ರವೊಂದರ ಅವಧಿ ಮುಗಿದು ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಹಲವು ದಿನ ಸ್ತಬ್ಧವಾಗಿದ್ದವು. ಮೇಲಿನ ಲೆಕ್ಕದಲ್ಲಿ ನಾಲ್ಕೇ ವರ್ಷ ಹಿಡಿದದ್ದು ಈ ಕಾರಣಕ್ಕೆ.

ಕೊಳ್ಳುವವರಿಗೆ

32 ಇಂಚಿನ ಹಳೆಯ ಎಚ್‌ಡಿ ಟಿ.ವಿ.ಗೆ 4ಕೆ ಪೆಟ್ಟಿಗೆ ಬೇಡ. ಪರದೆಯಲ್ಲಿ ಇಲ್ಲದ ಸ್ಪಷ್ಟತೆಯನ್ನು ಪೆಟ್ಟಿಗೆ ತಂದುಕೊಡಲಾರದು. ಟಿ.ವಿ.ಯ ಯುಎಸ್‌ಬಿ ಕಿಂಡಿಯಿಂದ ಕಡ್ಡಿಗೆ ಸಾಕಷ್ಟು ವಿದ್ಯುತ್ ಸಿಗದೆ ಅದು ಪದೇ ಪದೇ ನಿಂತು ಆರಂಭವಾಗುವುದುಂಟು. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಬೇಕು. ಟಿ.ವಿ.ಯೇ ಬದಲಿಸುವ ಹಂತದಲ್ಲಿದ್ದರೆ ಪೆಟ್ಟಿಗೆ ಬಿಟ್ಟು ಸ್ಮಾರ್ಟ್ ಟಿ.ವಿ.ಯನ್ನೇ ನೋಡುವುದು ಸರಿ. ಸೆಪ್ಟೆಂಬರ್ 22, 2025ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ.

ಫೈಬರ್ ಸಂಪರ್ಕ, ಎಚ್‌ಡಿಎಂಐ ಇರುವ ಟಿ.ವಿ. ಎರಡೂ ಇದ್ದು, ಒಂದೆರಡು ಚಂದಾಗಳಲ್ಲಿ ತೃಪ್ತರಾಗುವ ಮನೆಗೆ ಪೆಟ್ಟಿಗೆಯ ಬೆಲೆ ದುಬಾರಿಯಲ್ಲ. ಹಿರಿಯರ ಸಂಜೆಯ ಧಾರಾವಾಹಿಗಳೇ ಮುಖ್ಯವಾದ ಮನೆಗೆ ಕೇಬಲ್ಲೇ ಅಗ್ಗ, ಅದೇ ಸುಲಭ. ಎರಡರ ನಡುವೆ ತೊಳಲಾಡುತ್ತಿರುವವರು ಮನೆಯ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಿಂದ ಟಿ.ವಿ.ಗೆ ಜೋಡಿಸಿ, ಯಾವುದಾದರೂ ಒಂದು ಸೇವೆಗೆ ಅಲ್ಪಾವಧಿಯ ಚಂದಾ ಕಟ್ಟಿ ಒಂದು ತಿಂಗಳು ನೋಡಬಹುದು. ಆ ತಿಂಗಳು ಕೇಬಲ್ ಪೆಟ್ಟಿಗೆಯನ್ನು ಎಷ್ಟು ಸಲ ಹಚ್ಚಿದಿರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.