ಎರಡು ಬಾರಿ ಬರೆದ ಗೋಡೆ

ಪಶ್ಚಿಮ ಬಂಗಾಳದ ಶಾಂತಿನಿಕೇತನದಲ್ಲಿರುವ ಕಲಾಭವನಕ್ಕೆ ಹೋದವರು ವಿನ್ಯಾಸ ವಿಭಾಗದ ಕಟ್ಟಡದ ಮುಂದೆ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದಿಲ್ಲ. ಬಿಳಿ ಗೋಡೆ, ಅದರ ತುಂಬ ಕಪ್ಪು ಗೆರೆಗಳು. ಮನುಷ್ಯರು, ಪ್ರಾಣಿಗಳು, ಹಕ್ಕಿಗಳು, ಎಲೆಗಳು ಒಂದರ ಪಕ್ಕ ಒಂದು ಒತ್ತಿಕೊಂಡು ಹೊರಗೋಡೆಯನ್ನೆಲ್ಲ ಆವರಿಸಿವೆ. ಯಾರೋ ನೋಟ್ ಪುಸ್ತಕದ ಹಾಳೆಯಲ್ಲಿ ಮಸಿಯಿಂದ ಬಿಡಿಸಿದ ಚಿತ್ರವನ್ನು ಕಟ್ಟಡದಷ್ಟು ಹಿಗ್ಗಿಸಿದಂತಿದೆ.

ಇದನ್ನು ಬರೆದವರು ಕೆ.ಜಿ. ಸುಬ್ರಮಣ್ಯನ್. 1924ರಲ್ಲಿ ಕೇರಳದ ಕೂತುಪರಂಬದಲ್ಲಿ ಹುಟ್ಟಿದ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಸೇರಿದರು. ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತು. 1944ರಲ್ಲಿ ಅವರು ಶಾಂತಿನಿಕೇತನಕ್ಕೆ ಬಂದರು. ಅರ್ಥಶಾಸ್ತ್ರಕ್ಕೆ ಆದ ನಷ್ಟ ಚಿತ್ರಕಲೆಗೆ ಲಾಭವಾಯಿತು ಎನ್ನಬೇಕು.

ಅಲ್ಲಿ ಗೋಡೆಯೂ ಒಂದು ಪಾಠವಾಗಿತ್ತು. ಚೌಕಟ್ಟಿನೊಳಗಿನ ಚಿತ್ರ ಕೊಂಡವನ ಮನೆ ಸೇರಿದರೆ, ಗೋಡೆಯ ಚಿತ್ರ ದಾರಿಹೋಕರೆಲ್ಲರಿಗೂ ಸಿಗುತ್ತದೆ. ನಂದಲಾಲ್ ಬೋಸ್ ಮುಖ್ಯಸ್ಥರಾಗಿದ್ದ 1930ರ ದಶಕದಲ್ಲಿ ವಿದ್ಯಾರ್ಥಿನಿಲಯವೊಂದರ ಮಣ್ಣಿನ ಗೋಡೆಗಳ ಮೇಲೆ ಗುರುಗಳೂ ಶಿಷ್ಯರೂ ಸೇರಿ ಉಬ್ಬುಚಿತ್ರಗಳನ್ನು ಮೂಡಿಸಿ ಡಾಂಬರು ಬಳಿದರು. ಅದೇ 'ಕಪ್ಪು ಮನೆ'. ಸುಬ್ರಮಣ್ಯನ್ ವಿದ್ಯಾರ್ಥಿಯಾಗಿದ್ದಾಗಲೇ ಬಿನೋದ್ ಬಿಹಾರಿ ಮುಖರ್ಜಿ ಹಿಂದಿ ಭವನದ ಒಳಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ಚಿತ್ರಿಸಿದರು. ಪೂರ್ಣ ಪ್ರಮಾಣದ ನಕ್ಷೆಯನ್ನು ಗೋಡೆಗೆ ಅಚ್ಚೊತ್ತಿಕೊಳ್ಳದೆ ಅವರು ನೇರವಾಗಿ ಕುಂಚ ಹಿಡಿದರು. 1947ರಲ್ಲಿ ಮುಗಿದ ಆ ಕೆಲಸಕ್ಕೆ ಕೈಜೋಡಿಸಿದವರಲ್ಲಿ ಸುಬ್ರಮಣ್ಯನ್ ಒಬ್ಬರು. ಮುಂದೆ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡ ಮೇಲೂ ಬಿನೋದ್ ಬಿಹಾರಿ ಕಲಾಭವನದ ಗೋಡೆಗೆ ಸೆರಾಮಿಕ್ ಬಿಲ್ಲೆಗಳ ಚಿತ್ರ ರಚಿಸಿದರು; ಅದನ್ನು ಸತ್ಯಜಿತ್ ರಾಯ್ 1972ರ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದಿದ್ದಾರೆ.

ಬರೋಡಾದಲ್ಲಿ ದೀರ್ಘಕಾಲ ಪಾಠ ಹೇಳಿದ ಸುಬ್ರಮಣ್ಯನ್ 1980ರಲ್ಲಿ ತಾವು ಕಲಿತ ಶಾಲೆಗೇ ಅಧ್ಯಾಪಕರಾಗಿ ಮರಳಿದರು. ಕಪ್ಪು-ಬಿಳುಪಿನ ಗೋಡೆಯನ್ನು ಬರೆದದ್ದು ನಿವೃತ್ತಿಯ ನಂತರ, 1990ರ ಸುಮಾರಿಗೆ. ಮಕ್ಕಳಿಗಾಗಿ ಕಥೆ ಬರೆದು ತಾವೇ ಚಿತ್ರ ಬಿಡಿಸುತ್ತಿದ್ದವರು ಅವರು. ಆ ಪುಸ್ತಕಗಳ ತುಂಟ ಗೆರೆಯೇ ಇಲ್ಲಿ ಗೋಡೆಗೆ ಏರಿದೆ. ಗೆರೆಗಳಲ್ಲಿ ಅಳುಕಿಲ್ಲ, ತಿದ್ದಿದ ಗುರುತಿಲ್ಲ. ದೂರದಿಂದ ನೋಡಿದರೆ ನೇಯ್ದ ಬಟ್ಟೆಯ ವಿನ್ಯಾಸ, ಹತ್ತಿರ ಹೋದರೆ ಒಂದೊಂದೂ ಜೀವಂತ ಆಕೃತಿ.

ಆದರೆ ಬೀರ್‌ಭೂಮ್ ಜಿಲ್ಲೆಯ ಬಿಸಿಲು, ಮಳೆ ಕಲೆಗಾರನ ಹೆಸರು ನೋಡಿ ಸುಮ್ಮನಾಗುವುದಿಲ್ಲ. ಅಜಂತಾದ ಚಿತ್ರಗಳಿಗೆ ಗುಹೆಯ ಆಸರೆಯಿತ್ತು. ಹೊರಗೋಡೆಯ ಚಿತ್ರಕ್ಕೆ ಅದಿಲ್ಲ. 2009ರಲ್ಲಿ, 85ನೆಯ ವಯಸ್ಸಿನಲ್ಲಿ ಸುಬ್ರಮಣ್ಯನ್ ಅದೇ ಕಟ್ಟಡದ ಮುಂದೆ ಮತ್ತೆ ಕುಂಚ ಹಿಡಿದು ಚಿತ್ರವನ್ನು ಹೊಸದಾಗಿ ಬರೆದರು. ಹಳ್ಳಿಮನೆಯಲ್ಲಿ ಹಬ್ಬಕ್ಕೆ ಗೋಡೆ ಸಾರಿಸಿ ಚಿತ್ತಾರ ಬರೆಯುವವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಸಂಗ್ರಹಾಲಯದವರಿಗೆ ಮಾತ್ರ ಇದು ಇಕ್ಕಟ್ಟಿನ ಸಂಗತಿ. ಇರುವ ಬಣ್ಣವನ್ನು ಉಳಿಸಬೇಕು, ಮೇಲೆ ಹೊಸ ಗೆರೆ ಎಳೆಯಬಾರದು ಎಂಬುದು ಅವರ ಕಟ್ಟಳೆ. ಇಲ್ಲಿ ಬರೆದವರೇ ಆ ಕಟ್ಟಳೆಯನ್ನು ಬದಿಗಿಟ್ಟರು. ಹಾಗಾದರೆ ಮೂಲಕೃತಿ ಯಾವುದು, 1990ರದೋ 2009ರದೋ?

ಅವರಿದ್ದಷ್ಟು ದಿನ ಇದು ಬರಿಯ ಚರ್ಚೆಯಾಗಿತ್ತು. 2016ರ ಜೂನ್ 29ರಂದು ವಡೋದರಾದಲ್ಲಿ ಅವರು ತೀರಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೌರವ ಬಂತು, ಅದರೊಂದಿಗೆ ಜೋಪಾನದ ಹೊಣೆಯೂ ಹೆಚ್ಚಿತು. ಮುಂದೊಮ್ಮೆ ಗೆರೆ ಮಾಸಿದಾಗ ಅದರ ಮೇಲೆ ಇನ್ನೊಬ್ಬರು ಕೈಯಾಡಿಸಿದರೆ ಅದು ನಕಲಾದೀತು. ಸುಮ್ಮನಿದ್ದರೆ ಗೋಡೆ ಬರಿದಾದೀತು.

ಕಪ್ಪು ಮನೆಗೆ ಈ ತೊಡಕು ಅಷ್ಟಾಗಿ ಇಲ್ಲ. ಅದು ಮೊದಲಿನಿಂದಲೂ ಹಲವು ಕೈಗಳ ಕೆಲಸ; ಡಾಂಬರು ಯಾರು ಬಳಿದರೂ ಡಾಂಬರೇ. ವಿನ್ಯಾಸ ವಿಭಾಗದ ಗೋಡೆಯ ಮೇಲಿರುವುದು ಒಬ್ಬನೇ ಮನುಷ್ಯನ ಕೈಬರಹ.