ಕಾಂಡಕೋಶ

ನಾಮಪದ. ಸಂಸ್ಕೃತದ ‘ಕಾಂಡ’ ಎಂದರೆ ಗಿಡದ ದಂಟು. ‘ಕೋಶ’ ಎಂದರೆ ಭಂಡಾರ, ಜೀವಶಾಸ್ತ್ರದಲ್ಲಿ ಜೀವಕಣ. ‘ಸ್ಟೆಮ್ ಸೆಲ್’ ಎಂಬುದಕ್ಕೆ ಸಂವಾದಿಯಾಗಿ ಕನ್ನಡಕ್ಕೆ ಬಂತು. ‘ಆಕರಕೋಶ’ ಎಂದೂ ಬರೆಯುವುದುಂಟು. ‘ಸ್ಟೆಮ್ ಸೆಲ್’ನ ಹಿಂದಿರುವುದು ಜರ್ಮನ್ ಪದ ‘ಸ್ಟಾಮ್‌ಜೆಲ್ಲೆ’. 1868ರಲ್ಲಿ ಅರ್ನ್ಸ್ಟ್ ಹೆಕೆಲ್ ಅದನ್ನು ಬಹುಕೋಶ ಜೀವಿಗಳ ಏಕಕೋಶ ಪೂರ್ವಜನಿಗೆ ಬಳಸಿದರು. ‘ಸ್ಟಾಮ್’ ಎಂದರೆ ಮರದ ಬೊಡ್ಡೆಯೂ ಹೌದು, ವಂಶವೂ ಹೌದು.

ಇಂದಿನ ಅರ್ಥ: ತನ್ನಂಥದೇ ಕೋಶಗಳನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶ.

ಬಳಕೆ: “ಪ್ರಯೋಗಾಲಯದಲ್ಲಿ ಕಾಂಡಕೋಶಗಳಿಂದ ಯಕೃತ್ತಿನ ಕೋಶಗಳನ್ನು ಬೆಳೆಸಿದರು.”

2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ತಂಡ ನಾಲ್ಕು ಜೀನುಗಳನ್ನು ಸೇರಿಸಿ ಇಲಿಯ ಸಾಮಾನ್ಯ ಕೋಶಗಳನ್ನೇ ಕಾಂಡಕೋಶಗಳಂತಾಗಿಸಿತು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಇದು ಸಾಧ್ಯವಾಯಿತು. ಇಂಥ ಕೋಶಗಳಿಗೆ ಮೊದಲು ಆಕ್ಟಿವಿನ್, ಬಳಿಕ ಇತರ ಬೆಳವಣಿಗೆಯ ಪ್ರೋಟೀನುಗಳನ್ನು ಸರದಿಯಂತೆ ಉಣಿಸಿದರೆ, ಭ್ರೂಣದಲ್ಲಿ ಯಕೃತ್ತು ರೂಪುಗೊಳ್ಳುವ ಹಾದಿಯನ್ನೇ ಅವು ಹಿಡಿಯುತ್ತವೆ. ಸುಮಾರು ಮೂರು ವಾರಗಳಲ್ಲಿ ಯಕೃತ್ತಿನ ಪ್ರೋಟೀನಾದ ಆಲ್ಬುಮಿನ್ ಸ್ರವಿಸತೊಡಗುತ್ತವೆ. ಔಷಧಗಳ ವಿಷಗುಣ ಪರೀಕ್ಷಿಸಲು, ಆನುವಂಶಿಕ ಯಕೃತ್ ರೋಗಗಳನ್ನು ಅರಿಯಲು ಇವು ಅಮೂಲ್ಯ ನೆರವು.

ಆದರೂ ಇವುಗಳ ಗುಣ ವಯಸ್ಕರದಕ್ಕಿಂತ ಭ್ರೂಣದ ಯಕೃತ್ತಿಗೇ ಹತ್ತಿರ. ಹಾಗಾಗಿ ಇವನ್ನು ‘ಯಕೃತ್ ಸದೃಶ ಕೋಶ’ ಎಂದು ಬರೆಯುವುದೇ ಸರಿ.